ಪೆನ್ ಡ್ರೈವ್: ಗಾಡಿಯೇ ಹೊರತು ಗೋದಾಮಲ್ಲ

ಮೇ ತಿಂಗಳು ಬಂತೆಂದರೆ ನಮ್ಮ ಜಿಲ್ಲೆಯ ವರ್ತಕರೆಲ್ಲ ಮಳೆಗಾಲದ ಸಿದ್ಧತೆಯಲ್ಲಿ ತೊಡಗುವುದು ವಾಡಿಕೆ. ಗೋದಾಮಿನ ಒಡೆದ ಹೆಂಚುಗಳನ್ನು ಬದಲಾಯಿಸುವುದು, ಚರಂಡಿಯ ಹೂಳೆತ್ತಿಸುವುದು, ಟಾರ್ಪಾಲು ತರಿಸುವುದು, ಉಳಿದಿರುವ ಕಾಫಿ ಮತ್ತು ಕರಿಮೆಣಸಿನ ಮೂಟೆಗಳನ್ನು ನೆಲದ ತೇವ ತಾಗದಂತೆ ಹಲಗೆಗಳ ಮೇಲೆ ಜೋಡಿಸಿಡುವುದು, ಇವೆಲ್ಲವನ್ನೂ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಸರಕು ಯಾರಿಂದ ಬಂತು, ಯಾವ ದರಕ್ಕೆ ಬಂತು, ಯಾರಿಗೆ ಹೋಯಿತು, ಯಾರಿಂದ ಎಷ್ಟು ಬರಬೇಕು ಎಂಬ ಲೆಕ್ಕ ಎಲ್ಲಿದೆಯೆಂದು ಕೇಳಿನೋಡಿ. ಹಲವರು ಅಂಗಿಯ ಜೇಬಿನಿಂದಲೋ ಗಲ್ಲಾಪೆಟ್ಟಿಗೆಯ ಚಿಲ್ಲರೆ ನಾಣ್ಯಗಳ ನಡುವಿನಿಂದಲೋ ಬೆರಳುದ್ದದ ಒಂದು ಪೆನ್ ಡ್ರೈವ್ ತೆಗೆದು, "ಎಲ್ಲವೂ ಇದರಲ್ಲಿದೆ ಸಾರ್" ಎನ್ನುತ್ತಾರೆ.

ಆ ಮಾತು ಕೇಳಿದಾಗಲೆಲ್ಲ ನನಗೆ ದಿಗಿಲಾಗುತ್ತದೆ. ಪೆನ್ ಡ್ರೈವ್ ಎಂಬುದು ಲೆಕ್ಕಪತ್ರಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಗಾಡಿ. ಅದನ್ನು ಗೋದಾಮೆಂದು ಭಾವಿಸಿ, ಇರುವ ಏಕೈಕ ಪ್ರತಿಯನ್ನು ಅದರಲ್ಲಿಟ್ಟು ನಿಶ್ಚಿಂತರಾಗುವುದು ತಪ್ಪು. ಹಾನಿಯಾದ ಮೇಲೆ ಗುಮಾಸ್ತರನ್ನೋ ಗಣಕಯಂತ್ರ ದುರಸ್ತಿಯ ಹುಡುಗನನ್ನೋ ದೂರುವುದು ಅದಕ್ಕಿಂತ ದೊಡ್ಡ ತಪ್ಪು. ಲೆಕ್ಕಪತ್ರಗಳನ್ನು ಕಾಪಾಡುವ ಹೊಣೆ ಮಾಲೀಕರದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಲೇಖನದ ಉದ್ದೇಶ ಅಷ್ಟನ್ನು ಮನವರಿಕೆ ಮಾಡಿಕೊಡುವುದು.

ಒಂದು ಅಂಗಡಿಯ ಕಥೆ

ನನ್ನ ಕಕ್ಷಿದಾರರೊಬ್ಬರು ಹಾರ್ಡ್‌ವೇರ್ ಮತ್ತು ತೋಟದ ಸಲಕರಣೆಗಳ ವ್ಯಾಪಾರಿಗಳು. ತಂದೆಯ ಕಾಲದ ಅಂಗಡಿ, ಸುತ್ತಲಿನ ಹತ್ತಾರು ಗ್ರಾಮಗಳ ಬೆಳೆಗಾರರ ವಿಶ್ವಾಸ ಗಳಿಸಿದ ಅಂಗಡಿ. ಒಂದು ಏಪ್ರಿಲಿನ ಸಂಜೆ ಗುಡುಗು ಸಿಡಿಲಿನ ಮಳೆಯಲ್ಲಿ ಅವರ ಗಣಕಯಂತ್ರ ಸುಟ್ಟುಹೋಯಿತು. ಅವರು ಎದೆಗುಂದಲಿಲ್ಲ. ವಾರಕ್ಕೊಮ್ಮೆ ಗುಮಾಸ್ತರು ಲೆಕ್ಕವನ್ನೆಲ್ಲ ಪೆನ್ ಡ್ರೈವಿಗೆ ಹಾಕುತ್ತಿದ್ದರು. ಹೊಸ ಯಂತ್ರ ಬಂತು. ಪೆನ್ ಡ್ರೈವ್ ಚುಚ್ಚಿದೊಡನೆ, ಇದನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡಿತು. ಯಂತ್ರ ಕೇಳುತ್ತಿದೆಯಲ್ಲ ಎಂದು ಗುಮಾಸ್ತರು ಒಪ್ಪಿಗೆಯ ಗುಂಡಿ ಒತ್ತಿದರು. ಆಮೇಲೆ ಖಾಲಿ ಪೆನ್ ಡ್ರೈವ್ ಕಂಡು ಗಾಬರಿಯಾಗಿ, ಕೈಗೆ ಸಿಕ್ಕ ಕಡತಗಳನ್ನು ಅದಕ್ಕೇ ತುಂಬಿ ಸರಿಯಾಗಿದೆಯೇ ಎಂದು ಪರೀಕ್ಷಿಸಿದರು. ಇದರಿಂದ ಮರಳಿ ಪಡೆಯಬಹುದಾಗಿದ್ದ ಭಾಗವೂ ಅಳಿಸಿಹೋಯಿತು. ಬೆಂಗಳೂರಿಗೆ ಕಳುಹಿಸಿ ಹಣ ತೆತ್ತ ಮೇಲೆ ಬಂದದ್ದು ಅರ್ಧಂಬರ್ಧ ಕಡತಗಳು ಮಾತ್ರ.

ಅದೇ ಸಮಯದಲ್ಲಿ ಹಿಂದಿನ ವರ್ಷವೊಂದರ ಇನ್‌ಪುಟ್ ತೆರಿಗೆ ಕ್ರೆಡಿಟ್‌ನ ವ್ಯತ್ಯಾಸದ ಬಗ್ಗೆ ಇಲಾಖೆಯ ನೋಟೀಸು ಬಂತು. ಆ ವರ್ಷದ ಖರೀದಿ ಬಿಲ್ಲುಗಳ ಕಟ್ಟಿಗೆ ಗೋದಾಮಿನಲ್ಲಿ ಗೆದ್ದಲು ಹತ್ತಿತ್ತು. ಜಿ.ಎಸ್.ಟಿ. ಪೋರ್ಟಲ್‌ನಲ್ಲಿದ್ದ ರಿಟರ್ನ್‌ಗಳು, ಇ-ವೇ ಬಿಲ್ಲುಗಳು, ಬ್ಯಾಂಕಿನ ಪಾಸ್ ಶೀಟು, ಸರಬರಾಜುದಾರರಿಂದ ಬೇಡಿ ತರಿಸಿದ ನಕಲುಗಳು, ಇವನ್ನೆಲ್ಲ ಜೋಡಿಸಿ ನಾವು ಹೇಗೋ ಉತ್ತರ ಸಿದ್ಧಪಡಿಸಿದೆವು. ನನ್ನ ಕಚೇರಿಯ ಇಬ್ಬರು ಸಹಾಯಕರಿಗೆ ತಿಂಗಳುಗಟ್ಟಲೆ ಅದೇ ಕೆಲಸವಾಯಿತು.

ಆದರೆ ಯಾವ ಪೋರ್ಟಲ್ಲೂ ಮರಳಿ ಕೊಡಲಾರದ ಪುಸ್ತಕವೊಂದಿತ್ತು. ಅದು ಉದ್ರಿಯ ಲೆಕ್ಕ. ಕಾಫಿ ಕೊಯ್ಲಾಗಿ ಹಣ ಬಂದ ಮೇಲೆ ಕೊಡುತ್ತೇವೆಂದು ಬೆಳೆಗಾರರು ಒಯ್ದ ಸಾಮಾನಿನ ಬಾಕಿ. ಆ ವ್ಯಾಪಾರಿ ಮನೆಮನೆಗೆ ಹೋಗಿ, "ನೀವು ನನಗೆ ಎಷ್ಟು ಕೊಡಬೇಕು, ದಯವಿಟ್ಟು ನೀವೇ ಹೇಳಿ" ಎಂದು ಕೇಳಬೇಕಾಯಿತು. ಹೆಚ್ಚಿನವರು ತಮ್ಮ ಚೀಟಿ ಹುಡುಕಿ ಸರಿಯಾದ ಮೊತ್ತವನ್ನೇ ಹೇಳಿದರು. ಅದು ನಮ್ಮ ನಾಡಿನ ದೊಡ್ಡತನ. ಕೆಲವರಿಗೆ ನೆನಪಾಗಲಿಲ್ಲ, ಇನ್ನು ಕೆಲವರು ನೆನಪಿಸಿಕೊಳ್ಳಲಿಲ್ಲ. "ಹೋದ ಹಣಕ್ಕಿಂತ ಸಾಲ ಕೊಟ್ಟವನೇ ಸಾಲ ಎಷ್ಟೆಂದು ಕೇಳಬೇಕಾಯಿತಲ್ಲ, ಅದು ಹೆಚ್ಚು ನೋಯಿಸಿತು ಸಾರ್" ಎಂದು ಅವರು ನನ್ನೆದುರು ಹೇಳಿದ್ದನ್ನು ನಾನು ಮರೆತಿಲ್ಲ.

ಕಾನೂನಿನ ದೃಷ್ಟಿಯಲ್ಲಿ

"ಲೆಕ್ಕ ಕಳೆದುಹೋಯಿತು" ಎಂಬ ಉತ್ತರಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. 2017ರ ಜುಲೈ 1ರಿಂದ ಜಾರಿಯಲ್ಲಿರುವ ಜಿ.ಎಸ್.ಟಿ. ಕಾಯಿದೆಯ 36ನೇ ಕಲಮಿನಂತೆ, ಯಾವುದೇ ವರ್ಷದ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ನಿಗದಿಯಾದ ದಿನಾಂಕದಿಂದ 72 ತಿಂಗಳುಗಳವರೆಗೆ ಕಾಯ್ದಿರಿಸಬೇಕು. ಉದಾಹರಣೆಗೆ 2023-24ರ ವಾರ್ಷಿಕ ರಿಟರ್ನಿನ ನಿಗದಿತ ದಿನಾಂಕ 2024ರ ಡಿಸೆಂಬರ್ 31. ಆದ್ದರಿಂದ ಆ ವರ್ಷದ ಪುಸ್ತಕಗಳು 2030ರ ಡಿಸೆಂಬರ್ 31ರವರೆಗೂ ನಿಮ್ಮಲ್ಲಿರಬೇಕು. ಮೇಲ್ಮನವಿ ನಡೆಯುತ್ತಿದ್ದರೆ ಅದು ಇತ್ಯರ್ಥವಾದ ಮೇಲೂ ಒಂದು ವರ್ಷ ಇರಿಸಬೇಕು. ಈ ಎರಡು ಅವಧಿಗಳಲ್ಲಿ ಯಾವುದು ನಂತರದ್ದೋ ಅದು ಅನ್ವಯಿಸುತ್ತದೆ. ಕಂಪೆನಿಯಾಗಿ ನೋಂದಾಯಿಸಿಕೊಂಡ ನಮ್ಮ ಸಣ್ಣ ಕೈಗಾರಿಕೆಗಳಿಗೆ 2013ರ ಕಂಪೆನಿ ಕಾಯಿದೆಯ 128ನೇ ಕಲಮು ಎಂಟು ಆರ್ಥಿಕ ವರ್ಷಗಳ ಅವಧಿ ಗೊತ್ತುಪಡಿಸಿದೆ. ಅಲ್ಲದೆ, ವಿದ್ಯುನ್ಮಾನ ರೂಪದ ಲೆಕ್ಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಇಡಬೇಕೆಂಬ ನಿಯಮ 2022ರ ಆಗಸ್ಟ್ ತಿದ್ದುಪಡಿಯಿಂದ ಬಂದಿದೆ.

ಜಿ.ಎಸ್.ಟಿ. ನಿಯಮಾವಳಿಯ 57ನೇ ನಿಯಮವನ್ನು ವರ್ತಕರು ವಿಶೇಷವಾಗಿ ಗಮನಿಸಬೇಕು. ಅಪಘಾತದಿಂದಾಗಲಿ ನೈಸರ್ಗಿಕ ಕಾರಣಗಳಿಂದಾಗಲಿ ದಾಖಲೆ ನಾಶವಾದರೆ, ಯುಕ್ತ ಕಾಲದೊಳಗೆ ಮಾಹಿತಿಯನ್ನು ಮರಳಿ ಪಡೆಯಲು ಸಾಧ್ಯವಾಗುವಂತೆ ವಿದ್ಯುನ್ಮಾನ ಪ್ರತಿ ಇಟ್ಟುಕೊಂಡಿರಬೇಕೆಂದು ಅದು ವಿಧಿಸುತ್ತದೆ. 2018ರ ಆಗಸ್ಟಿನಲ್ಲಿ ಬೆಟ್ಟಗಳು ಜಾರಿ ಮನೆ ತೋಟಗಳು ಮಣ್ಣಾದುದನ್ನೂ 2019ರ ಆಗಸ್ಟಿನಲ್ಲಿ ಕಾವೇರಿಯ ದಡದ ಊರುಗಳಿಗೆ ಮತ್ತೆ ನೀರು ನುಗ್ಗಿದುದನ್ನೂ ಕಂಡ ನಮಗೆ ಈ ನಿಯಮದ ಅರ್ಥವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ಇನ್‌ಪುಟ್ ತೆರಿಗೆ ಕ್ರೆಡಿಟ್‌ಗೆ ತಾನು ಅರ್ಹನೆಂದು ರುಜುವಾತುಪಡಿಸುವ ಭಾರವೂ ಕಾಯಿದೆಯ 155ನೇ ಕಲಮಿನಂತೆ ಅದನ್ನು ಪಡೆದವನದೇ. ಬಿಲ್ಲೂ ಇಲ್ಲ, ಪುಸ್ತಕವೂ ಇಲ್ಲ ಎಂದಾದರೆ ಆ ಭಾರವನ್ನು ಹೊರುವುದು ಹೇಗೆ?

ಪೋರ್ಟಲ್‌ನಲ್ಲಿ ಎಲ್ಲವೂ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅಲ್ಲಿರುವುದು ರಿಟರ್ನ್‌ಗಳೇ ಹೊರತು ನಿಮ್ಮ ನಗದು ಪುಸ್ತಕವಲ್ಲ, ದಾಸ್ತಾನು ಪುಸ್ತಕವಲ್ಲ, ಉದ್ರಿಯ ಖಾತೆಯಲ್ಲ. ಆ ರಿಟರ್ನ್‌ಗಳೂ ಶಾಶ್ವತವಲ್ಲ. ಏಳು ವರ್ಷ ಕಳೆದ ರಿಟರ್ನ್‌ಗಳನ್ನು 2024ರಲ್ಲಿ ಪೋರ್ಟಲ್‌ನಿಂದ ತೆಗೆಯಲಾರಂಭಿಸಿ, ವರ್ತಕರ ಕೋರಿಕೆಯ ಮೇರೆಗೆ ಮತ್ತೆ ಇರಿಸಲಾಯಿತು. ಬೇಕಾದುದನ್ನು ಇಳಿಸಿಕೊಂಡು ನೀವೇ ಜೋಪಾನ ಮಾಡಿಕೊಳ್ಳಿ ಎಂಬ ಸೂಚನೆಯೂ ಆಗ ಬಂದಿತ್ತು.

ಬೆರಳುದ್ದದ ಪೆಟ್ಟಿಗೆಯೊಳಗೆ

2003ರಲ್ಲಿ ಟಿ.ಡಿ.ಎಸ್. ರಿಟರ್ನ್‌ಗಳು ವಿದ್ಯುನ್ಮಾನ ರೂಪಕ್ಕೆ ಬಂದಾಗ ನಾವು ಅವನ್ನು ಫ್ಲಾಪಿಗಳಲ್ಲಿ ತುಂಬಿ ಸಲ್ಲಿಸುತ್ತಿದ್ದೆವು. ಒಂದು ಫ್ಲಾಪಿಯ ಹೊಟ್ಟೆ 1.44 ಮೆಗಾಬೈಟ್. ನಮ್ಮ ಮಳೆಗಾಲದ ತೇವಕ್ಕೆ ಅದು ಯಾವಾಗ ಕೈಕೊಡುವುದೋ ತಿಳಿಯದೆ ಪ್ರತಿಯೊಂದನ್ನೂ ಎರಡೆರಡು ಮಾಡಿ ಒಯ್ಯುವ ಅಭ್ಯಾಸವಿತ್ತು. 2000ದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಮೊದಮೊದಲಿನ ಪೆನ್ ಡ್ರೈವಿನ ಸಾಮರ್ಥ್ಯ 8 ಮೆಗಾಬೈಟ್. ಇಂದು ಸಾಮಾನ್ಯವಾಗಿ ಸಿಗುವ 64 ಗಿಗಾಬೈಟಿನದು ಅದರ ಎಂಟು ಸಾವಿರ ಪಟ್ಟು ದೊಡ್ಡದು. ಸಾಮರ್ಥ್ಯ ಬೆಳೆದಂತೆ ನಮ್ಮ ಎಚ್ಚರ ಕುಗ್ಗಿತು. ಫ್ಲಾಪಿಯನ್ನು ಯಾರೂ ನಂಬುತ್ತಿರಲಿಲ್ಲ, ಪೆನ್ ಡ್ರೈವನ್ನು ಎಲ್ಲರೂ ನಂಬಿದರು.

ಆ ಪುಟ್ಟ ಪೆಟ್ಟಿಗೆಯೊಳಗೆ ತಿರುಗುವ ಭಾಗಗಳಿಲ್ಲ. ಕೋಟ್ಯಂತರ ಸೂಕ್ಷ್ಮ ಕೋಶಗಳಲ್ಲಿ ವಿದ್ಯುದಂಶವನ್ನು ಬಂಧಿಸಿಡುವ ಮೂಲಕ ಅದು ಮಾಹಿತಿಯನ್ನು ನೆನಪಿಡುತ್ತದೆ. ಈ ವ್ಯವಸ್ಥೆಗೆ ಎರಡು ಮಿತಿಗಳಿವೆ. ಮೊದಲನೆಯದಾಗಿ, ಪ್ರತಿ ಕೋಶವನ್ನು ಅಳಿಸಿ ಬರೆಯುವುದಕ್ಕೆ ಎಣಿಕೆಯಿದೆ. ಆ ಎಣಿಕೆ ಮೀರಿದಂತೆ ಕೋಶ ಸವೆಯುತ್ತದೆ. ಎರಡನೆಯದಾಗಿ, ಬಂಧಿಸಿಟ್ಟ ವಿದ್ಯುದಂಶ ಕಾಲಕ್ರಮದಲ್ಲಿ ಸೋರುತ್ತದೆ. ಬಳಸಿ ಸವೆದ ಡ್ರೈವಿನಲ್ಲಿ, ಬಿಸಿಯಾದ ಜಾಗದಲ್ಲಿ ಇಟ್ಟಾಗ ಆ ಸೋರಿಕೆ ಹೆಚ್ಚು. ವರ್ಷಗಟ್ಟಲೆ ಬೀರುವಿನಲ್ಲಿಟ್ಟ ಪೆನ್ ಡ್ರೈವಿನಲ್ಲಿ ಅಕ್ಷರಗಳು ಹಾಗೇ ಇರುತ್ತವೆಂಬ ಖಾತರಿಯಿಲ್ಲ. ಗೋದಾಮಿನಲ್ಲಿಟ್ಟ ಕಾಫಿ ತೂಕ, ಬಣ್ಣ ಕಳೆದುಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಪೆನ್ ಡ್ರೈವ್ ಕೆಡುವುದು ಹೊರಗಿನಿಂದ ಕಾಣುವುದೇ ಇಲ್ಲ. ಆರೆಂಟು ವರ್ಷ ಕಾಯ್ದಿರಿಸಬೇಕಾದ ದಾಖಲೆಗೆ ಇದೊಂದನ್ನೇ ನೆಚ್ಚಬಾರದೆನ್ನಲು ಮುಖ್ಯ ಕಾರಣ ಇದೇ.

ಬಳಕೆಯಲ್ಲಿ ಅನುಸರಿಸಬೇಕಾದ ಕ್ರಮ

ಗಾಡಿಯನ್ನು ಗಾಡಿಯಂತೆ ಬಳಸಿದರೆ ಪೆನ್ ಡ್ರೈವಿನಷ್ಟು ಉಪಕಾರಿಯಾದ ಸಾಧನ ಅಪರೂಪ. ನಮ್ಮ ಸದಸ್ಯರ ಅನುಕೂಲಕ್ಕಾಗಿ ಕೆಲವು ಕ್ರಮಗಳನ್ನು ಇಲ್ಲಿ ಕೊಟ್ಟಿದ್ದೇನೆ.

1. ಖರೀದಿ: ತಿಳಿದ ಅಂಗಡಿಯಲ್ಲಿ, ಬಿಲ್ಲು ಪಡೆದು ಕೊಳ್ಳಿ. ಅಗ್ಗದ ಬೆಲೆಗೆ ಅಪಾರ ಸಾಮರ್ಥ್ಯದ ಹೆಸರು ಹೊತ್ತು ಬರುವ ನಕಲಿ ಡ್ರೈವುಗಳಿವೆ. ಅವು ತುಂಬುವವರೆಗೆ ಸರಿಯಾಗಿಯೇ ಕಾಣುತ್ತವೆ; ನಿಜವಾದ ಮಿತಿ ಮೀರಿದ ಮೇಲೆ ಹಾಕಿದ್ದೆಲ್ಲ ಗಾಳಿಗೆ ಹೋಗುತ್ತದೆ. ಗ್ರಾಹಕರು ಬಿಲ್ಲು ಕೇಳುವುದಿಲ್ಲವೆಂದು ಸಭೆಗಳಲ್ಲಿ ಬೇಸರಪಡುವ ನಾವೇ ರಸ್ತೆಬದಿಯಲ್ಲಿ ಬಿಲ್ಲಿಲ್ಲದ ಪೆನ್ ಡ್ರೈವ್ ಕೊಳ್ಳುವುದು ಶೋಭಿಸುವುದಿಲ್ಲ.

2. ತೆಗೆಯುವ ವಿಧಾನ: ನಕಲು ಮುಗಿಯುವ ಮೊದಲೇ ಕಿತ್ತರೆ ಕಡತ ಮಾತ್ರವಲ್ಲ, ಡ್ರೈವಿನ ಸೂಚಿಪಟ್ಟಿಯೇ ಕೆಡಬಹುದು. ಯಂತ್ರಕ್ಕೆ ತಿಳಿಸಿ, ಅದು ತೆಗೆಯಬಹುದೆಂದ ಮೇಲೆಯೇ ತೆಗೆಯಿರಿ. ಹೊಸ ವಿಂಡೋಸ್‌ನಲ್ಲಿ ಈ ಅಪಾಯ ಕಡಿಮೆಯಾಗಿದ್ದರೂ ಇಲ್ಲವಾಗಿಲ್ಲ. ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಯು.ಪಿ.ಎಸ್. ಇಲ್ಲದೆ ಬ್ಯಾಕಪ್ ಮಾಡುವುದು ಬೇಡ.

3. ಡ್ರೈವಿನಲ್ಲೇ ಲೆಕ್ಕ ಬರೆಯಬೇಡಿ: ಟ್ಯಾಲಿಯಂತಹ ತಂತ್ರಾಂಶದ ದತ್ತಾಂಶವನ್ನು ಪೆನ್ ಡ್ರೈವಿನಲ್ಲೇ ತೆರೆದು ನಮೂದು ಮಾಡುವವರಿದ್ದಾರೆ. ಪದೇ ಪದೇ ಬರೆಯುವುದರಿಂದ ಡ್ರೈವ್ ಸವೆಯುತ್ತದೆ. ಕೈ ತಾಗಿ ಅದು ಒಮ್ಮೆ ಸಡಿಲವಾದರೂ ದತ್ತಾಂಶ ಕೆಡಬಹುದು. ಲೆಕ್ಕ ಗಣಕಯಂತ್ರದಲ್ಲಿರಲಿ, ಅದರ ಪ್ರತಿ ಮಾತ್ರ ಡ್ರೈವಿಗೆ ಹೋಗಲಿ.

4. ಹಳೆಯದನ್ನು ಹೊಸದರ ಮೇಲೆ ಹೇರಬೇಡಿ: ಈ ತಪ್ಪನ್ನು ಸ್ವತಃ ನಾನೇ ಮಾಡಿದ್ದೇನೆ. ವರ್ಷಗಳ ಹಿಂದೆ ಕಕ್ಷಿದಾರರೊಬ್ಬರ ಸೆಪ್ಟೆಂಬರ್ ತಿಂಗಳ ಬ್ಯಾಕಪ್ಪನ್ನು ನವೆಂಬರಿನ ದತ್ತಾಂಶವಿದ್ದ ಜಾಗಕ್ಕೇ ರಿಸ್ಟೋರ್ ಮಾಡಿ, ಎರಡು ತಿಂಗಳ ನಮೂದುಗಳನ್ನು ಕ್ಷಣದಲ್ಲಿ ಅಳಿಸಿದೆ. ಅದನ್ನು ಮತ್ತೆ ಬರೆದುಕೊಟ್ಟದ್ದು ನನ್ನ ಖರ್ಚಿನಲ್ಲಿ. ಪ್ರತಿ ಬ್ಯಾಕಪ್ಪಿಗೂ ದಿನಾಂಕದ ಹೆಸರಿನ ಬೇರೆ ಫೋಲ್ಡರ್ ಮಾಡಿ. ರಿಸ್ಟೋರ್ ಮಾಡುವಾಗ ಬೇರೆ ಜಾಗದಲ್ಲಿ ತೆರೆದು ನೋಡಿ.

5. ಫಾರ್ಮ್ಯಾಟ್ ಎಂದರೆ ಕೈ ತೆಗೆಯಿರಿ: ಅಂಥ ಪ್ರಶ್ನೆ ಬಂದಾಗ ಬೇಡವೆಂದೊತ್ತಿ ಡ್ರೈವ್ ತೆಗೆದಿಡಿ. ಇನ್ನೊಂದು ಯಂತ್ರದಲ್ಲಿ ಪ್ರಯತ್ನಿಸಿ. ಆಗದಿದ್ದರೆ ಅದರ ಮೇಲೆ ಏನನ್ನೂ ಬರೆಯದೆ ತಿಳಿದವರಿಗೆ ತೋರಿಸಿ.

6. ತೇವದಿಂದ ರಕ್ಷಣೆ: ಬಟ್ಟೆಯೂ ಒಣಗದ ನಮ್ಮ ಜೂನ್, ಜುಲೈ ತಿಂಗಳುಗಳಲ್ಲಿ ಡ್ರೈವಿನ ಲೋಹದ ತುದಿಗೆ ಕಿಲುಬು ಹತ್ತುತ್ತದೆ. ಮುಚ್ಚಳ ಹಾಕಿ, ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಬಿಗಿಯಾದ ಡಬ್ಬಿಯಲ್ಲಿಡಿ. ಕೀಲಿಗೊಂಚಲಿಗೆ ಕಟ್ಟಿ ಜೀಪಿನಲ್ಲಿ ತೂಗಾಡಿಸುವುದು ಬೇಡ. ನೀರಿಗೆ ಬಿದ್ದರೆ ಒರೆಸಿ, ಒಂದೆರಡು ದಿನ ಪೂರ್ತಿ ಒಣಗಿಸಿದ ಬಳಿಕವೇ ಯಂತ್ರಕ್ಕೆ ಹಾಕಿ. ಒದ್ದೆಯಿರುವಾಗ ವಿದ್ಯುತ್ ಹರಿದರೆ ಉಳಿಯಬಹುದಾದದ್ದೂ ಸುಟ್ಟುಹೋಗುತ್ತದೆ. ಗುಡುಗಿನ ವೇಳೆ ಬ್ಯಾಕಪ್ ಡ್ರೈವ್ ಯಂತ್ರದಲ್ಲಿ ಚುಚ್ಚಿರಬಾರದು.

7. ಬೀಗ: ಡ್ರೈವಿನಲ್ಲಿ ನಿಮ್ಮ ಲಾಭ-ನಷ್ಟ ಮಾತ್ರವಲ್ಲ, ನೌಕರರ ಆಧಾರ್ ಸಂಖ್ಯೆ, ಗ್ರಾಹಕರ ಬ್ಯಾಂಕ್ ವಿವರಗಳೂ ಇರುತ್ತವೆ. ಇತರರ ವೈಯಕ್ತಿಕ ಮಾಹಿತಿಯನ್ನು ಕಾಪಾಡುವ ಹೊಣೆಯ ಬಗ್ಗೆ 2023ರಲ್ಲಿ ಸಂಸತ್ತು ಪ್ರತ್ಯೇಕ ಕಾಯಿದೆಯನ್ನೇ ಮಾಡಿದೆ. ವಿಂಡೋಸ್‌ನ ಪ್ರೊಫೆಷನಲ್ ಆವೃತ್ತಿಯಲ್ಲಿರುವ ಬಿಟ್‌ಲಾಕರ್‌ನಿಂದ ಇಡೀ ಡ್ರೈವಿಗೆ ಬೀಗ ಹಾಕಬಹುದು. ಗುಪ್ತಪದವನ್ನು ಡ್ರೈವಿನ ಮೇಲೆ ಚೀಟಿ ಅಂಟಿಸಿ ಬರೆಯಬಾರದೆಂದು ಹೇಳಬೇಕಾಗಿರುವುದು ವಿಷಾದಕರ, ಆದರೆ ಹೇಳಲೇಬೇಕು. ಕಡತವನ್ನು ಡಿಲೀಟ್ ಮಾಡಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ ಎಂಬುದೂ ನೆನಪಿರಲಿ. ಹಳೆಯ ಡ್ರೈವನ್ನು ಇತರರಿಗೆ ದಾನ ಮಾಡುವ ಬದಲು ಒಡೆದುಹಾಕುವುದು ಲೇಸು.

ಗೋಣಿಚೀಲದ ಹುಳು

1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡ ಕಾಯಿಕೊರಕ ಹುಳು ಆಮೇಲೆ ನಮ್ಮ ತೋಟಗಳಿಗೂ ಬಂದದ್ದು ಹಿರಿಯರಿಗೆ ನೆನಪಿದೆ. ಹುಳು ತಾನಾಗಿ ಹಾರಿದ್ದಕ್ಕಿಂತ ಹೆಚ್ಚು ದೂರ ಅದನ್ನು ಒಯ್ದದ್ದು ಒಂದು ಕಣದಿಂದ ಇನ್ನೊಂದು ಕಣಕ್ಕೆ ತಿರುಗುವ ಬಳಸಿದ ಗೋಣಿಚೀಲ. ಆದ್ದರಿಂದಲೇ ಚೀಲಗಳಿಗೆ ಹೊಗೆಯೌಷಧಿ ಹಾಕಿ ಶುದ್ಧಗೊಳಿಸುವ ಪದ್ಧತಿ ಬಂತು.

ಗಣಕಯಂತ್ರಗಳ ಲೋಕದಲ್ಲಿ ಪೆನ್ ಡ್ರೈವ್ ಆ ಗೋಣಿಚೀಲದಂತೆ. 2008ರ ಕೊನೆಯಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ವೈರಸ್ ಪೆನ್ ಡ್ರೈವುಗಳ ಮೂಲಕವೂ ಜಗತ್ತಿನಾದ್ಯಂತ ಹರಡಿತು. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಅಂತರ್ಜಾಲದ ಸಂಪರ್ಕವೇ ಇಲ್ಲದ ಯಂತ್ರಗಳನ್ನು ಇದೇ ದಾರಿಯಿಂದ ತಲುಪಬಲ್ಲದಾಗಿತ್ತು. ಚುಚ್ಚಿದೊಡನೆ ತಾನೇ ಓಡುವ ಸೌಲಭ್ಯವನ್ನು ಆಮೇಲೆ ವಿಂಡೋಸ್‌ನಲ್ಲಿ ನಿಲ್ಲಿಸಲಾಯಿತು. ಆದರೂ ಫೋಲ್ಡರಿನಂತೆ ಕಾಣುವ ಸುಳ್ಳು ಚಿಹ್ನೆಗಳ ಮೂಲಕ ಇಂದಿಗೂ ವೈರಸ್ ಹರಡುತ್ತಿದೆ. ಇನ್ನು ಕೆಲವು ಇಡೀ ಲೆಕ್ಕವನ್ನು ಬೀಗ ಹಾಕಿ, ತೆರೆಯಲು ಹಣ ಕೇಳುವ ಜಾತಿಯವು.

ಈ ಸಂಚಾರದ ಮುಖ್ಯ ಜಂಕ್ಷನ್ ನಮ್ಮಂಥ ಲೆಕ್ಕ ಪರಿಶೋಧಕರ ಕಚೇರಿಗಳು ಎಂಬುದನ್ನು ನಾನು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತೇನೆ. ಬೆಳಿಗ್ಗೆ ಒಂದು ಅಂಗಡಿಯ ಯಂತ್ರಕ್ಕೆ ಚುಚ್ಚಿದ ಡ್ರೈವನ್ನು ಮಧ್ಯಾಹ್ನ ಇನ್ನೊಂದು ಅಂಗಡಿಗೆ ಒಯ್ಯುತ್ತಿದ್ದವರು ನಮ್ಮ ಸಹಾಯಕರೇ. ಈಗ ನಮ್ಮಲ್ಲಿ ಹೊರಗಿನಿಂದ ಬಂದ ಯಾವ ಡ್ರೈವನ್ನೂ ಮೊದಲು ಪ್ರತ್ಯೇಕ ಯಂತ್ರವೊಂದರಲ್ಲಿ ತಪಾಸಿಸದೆ ಒಳಗೆ ಬಿಡುವುದಿಲ್ಲ. ನೀವೂ ನಿಮ್ಮ ಪರಿಶೋಧಕರ ಸಹಾಯಕ ಬಂದಾಗ ಡ್ರೈವ್ ತಪಾಸಣೆಯಾಗಿದೆಯೇ ಎಂದು ಕೇಳಿ. ಯಾರೂ ಬೇಸರಿಸಬಾರದು. ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಲು ಲೆಕ್ಕದ ಡ್ರೈವನ್ನು ಕೊಡಬೇಡಿ. ಅದಕ್ಕೆಂದೇ ಬೇರೊಂದಿರಲಿ, ಅದರಲ್ಲಿ ಮುದ್ರಿಸಬೇಕಾದ ಕಡತವೊಂದೇ ಇರಲಿ. ರಸ್ತೆಯಲ್ಲಿ ಸಿಕ್ಕ ಡ್ರೈವನ್ನು ಕುತೂಹಲಕ್ಕಾಗಿಯೂ ಚುಚ್ಚಬೇಡಿ.

ಸಹಿ ಹಾಕುವ ಡ್ರೈವ್

ಪೆನ್ ಡ್ರೈವಿನಂತೆಯೇ ಕಾಣುವ ಇನ್ನೊಂದು ವಸ್ತು ನಮ್ಮ ಹಲವು ಸದಸ್ಯರಲ್ಲಿದೆ. ಅದೇ ಡಿಜಿಟಲ್ ಸಹಿಯ ಟೋಕನ್. ಅದರಲ್ಲಿ ಕಡತಗಳನ್ನು ಇಡುವಂತಿಲ್ಲ, ಅದರೊಳಗಿನ ಸಹಿಯ ಕೀಲಿಯನ್ನು ನಕಲು ಮಾಡುವಂತೆಯೂ ಇಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ಆ ಸಹಿ ನಿಮ್ಮ ಕೈಬರಹದ ಸಹಿಗೆ ಸಮಾನ. ಅದರ ಕೀಲಿಯನ್ನು ತನ್ನ ಹತೋಟಿಯಲ್ಲಿ ಇರಿಸಿಕೊಳ್ಳುವ ಎಚ್ಚರ ಸಹಿದಾರನದು ಎಂದು 42ನೇ ಕಲಮು ಹೇಳುತ್ತದೆ.

ಹೀಗಿದ್ದರೂ ನಮ್ಮಲ್ಲಿ ನಡೆದುಬಂದಿರುವ ರೂಢಿಯೇನು? ಟೋಕನ್ನನ್ನೂ ಅದರ ಪಿನ್ ಬರೆದ ಚೀಟಿಯನ್ನೂ ಒಟ್ಟಿಗೆ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿ ಪರಿಶೋಧಕರ ಕಚೇರಿಯಲ್ಲಿ ಬಿಟ್ಟುಹೋಗುವುದು. ಖಾಲಿ ಚೆಕ್ಕುಗಳ ಪುಸ್ತಕಕ್ಕೆಲ್ಲ ಸಹಿ ಹಾಕಿ ಇತರರ ಮೇಜಿನ ಮೇಲಿಟ್ಟು ಬರುವವರು ಯಾರೂ ಇಲ್ಲ. ಇದು ಅದಕ್ಕಿಂತ ಹೆಚ್ಚಿನ ಅಪಾಯ. ನನ್ನ ವೃತ್ತಿಬಾಂಧವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಟೋಕನ್ ನಮ್ಮಲ್ಲಿದ್ದರೆ ಕೆಲಸ ಸಲೀಸು ನಿಜ. ಆದರೂ ಟೋಕನ್ ಮಾಲೀಕರ ಬೀರುವಿನಲ್ಲೇ ಇರಬೇಕೆಂಬುದು ನನ್ನ ನಿಲುವು. ಕಳೆದುಹೋದರೆ ತಡಮಾಡದೆ ಅದನ್ನು ನೀಡಿದ ಸಂಸ್ಥೆಗೆ ತಿಳಿಸಿ ರದ್ದುಗೊಳಿಸಬೇಕು.

ಮೂರು ಪ್ರತಿ, ಎರಡು ಬಗೆ, ಒಂದು ದೂರ

ಹಾಗಾದರೆ ಲೆಕ್ಕಕ್ಕೆ ಗೋದಾಮು ಯಾವುದು? ಜಗತ್ತಿನಾದ್ಯಂತ ಒಪ್ಪಿತವಾಗಿರುವ ಸರಳ ಸೂತ್ರವೊಂದಿದೆ. ಲೆಕ್ಕದ ಮೂರು ಪ್ರತಿಗಳಿರಲಿ, ಅವು ಕನಿಷ್ಠ ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಅಂಗಡಿಯಿಂದ ದೂರದಲ್ಲಿರಲಿ. ನಮ್ಮ ಸಣ್ಣ ವ್ಯಾಪಾರಗಳಿಗೆ ಇದನ್ನು ಹೀಗೆ ಅಳವಡಿಸಿಕೊಳ್ಳಬಹುದು. ಮೂಲ ಲೆಕ್ಕ ಅಂಗಡಿಯ ಗಣಕಯಂತ್ರದಲ್ಲಿ. ಎರಡನೆಯ ಪ್ರತಿ ಹೊರ ಹಾರ್ಡ್ ಡಿಸ್ಕಿನಲ್ಲಿ, ಬ್ಯಾಕಪ್ ಆದ ಕೂಡಲೇ ಯಂತ್ರದಿಂದ ಬೇರ್ಪಡಿಸಿದ್ದು. ಮೂರನೆಯದು ಕ್ಲೌಡ್‌ನಲ್ಲಿ, ಇಲ್ಲವೇ ಬೇರೆ ಊರಿನಲ್ಲಿರುವ ನಂಬಿಗಸ್ಥ ಬಂಧುಗಳ ಮನೆಯಲ್ಲಿ. ಆ ಮೂರನೆಯ ಪ್ರತಿಯನ್ನು ಒಯ್ದು ತಲುಪಿಸುವ ಕೆಲಸಕ್ಕೆ ಪೆನ್ ಡ್ರೈವ್ ಹೇಳಿ ಮಾಡಿಸಿದಂತಿದೆ. ಅಂಗಡಿಯೂ ಮನೆಯೂ ಒಂದೇ ಕಟ್ಟಡದಲ್ಲಿದ್ದರೆ ಮಹಡಿಯ ಮೇಲಿಟ್ಟದ್ದು ದೂರದ ಪ್ರತಿಯಲ್ಲ. ನೀರು ನುಗ್ಗುವ ಬಡಾವಣೆಯಲ್ಲಿ ಎರಡು ಪ್ರತಿಗಳನ್ನು ಎರಡು ಬೀದಿಗಳಲ್ಲಿ ಇಟ್ಟರೂ ಪ್ರಯೋಜನವಿಲ್ಲ.

ಕ್ಲೌಡ್ ಇರುವಾಗ ಪೆನ್ ಡ್ರೈವಿನ ಮಾತೇಕೆ ಎಂದು ಯುವ ಸದಸ್ಯರು ಕೇಳಬಹುದು. ಕ್ಲೌಡ್ ಒಳ್ಳೆಯದೇ, ಎಲ್ಲರೂ ಬಳಸಲಿ. ಆದರೆ ಮರ ಬಿದ್ದು ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಇಲ್ಲದಾಗುವುದು ನಮ್ಮ ಮಳೆಗಾಲದ ವಾಸ್ತವ. ರಿಟರ್ನ್ ಸಲ್ಲಿಸುವ ಕೊನೆಯ ದಿನ ಬೆಟ್ಟದ ಮೇಲಿನ ಊರಿನಿಂದ ಮಡಿಕೇರಿಗೋ ಕುಶಾಲನಗರಕ್ಕೋ ಲೆಕ್ಕವನ್ನು ತಲುಪಿಸಲು ಆಗ ಜೇಬಿನ ಡ್ರೈವೇ ಗತಿ. ಇನ್ನೊಂದು ವಿಷಯವೂ ಇದೆ. ಯಂತ್ರದೊಂದಿಗೆ ಸದಾ ಹೊಂದಿಕೊಂಡು ನಡೆಯುವ ಕ್ಲೌಡ್ ಫೋಲ್ಡರಿನಲ್ಲಿ, ನೀವು ತಪ್ಪಾಗಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ವೈರಸ್ ಕೆಡಿಸಿದ್ದು ಅಲ್ಲಿಯೂ ಕೆಡುತ್ತದೆ. ಹಳೆಯ ಆವೃತ್ತಿಗಳನ್ನು ಮರಳಿ ಪಡೆಯುವ ವ್ಯವಸ್ಥೆ ಇದೆಯೇ ಎಂದು ನೋಡಿಕೊಂಡ ಮೇಲೆಯೇ ಅದನ್ನು ಪ್ರತಿಯೆಂದು ಎಣಿಸಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಕೈಲ್ ಮುಹೂರ್ತದಂದು ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ಹೂವಿಟ್ಟು ಪೂಜಿಸುವ ನಾಡು ನಮ್ಮದು. ಗೋಡೆಯಲ್ಲಿ ತೂಗುಹಾಕಿದ ಕೋವಿ ತುಕ್ಕು ಹಿಡಿದಿದ್ದರೆ ಬೇಕಾದಾಗ ಸಿಡಿಯುವುದಿಲ್ಲವೆಂದು ಇಲ್ಲಿನ ಮಕ್ಕಳೂ ಬಲ್ಲರು. ವರ್ಷದಲ್ಲಿ ನಾಲ್ಕು ದಿನ ಗೊತ್ತುಮಾಡಿಕೊಳ್ಳಿ: ಮಾರ್ಚ್ ಕೊನೆ, ಮಳೆಗೆ ಮುನ್ನ ಮೇ ಕೊನೆ, ಕೈಲ್ ಮುಹೂರ್ತ, ಪುತ್ತರಿ. ಅಂದು ಬ್ಯಾಕಪ್ಪನ್ನು ಇನ್ನೊಂದು ಯಂತ್ರದಲ್ಲಿ ತೆರೆದು, ನಗದು ಶಿಲ್ಕು ಮತ್ತು ಯಾರಾದರೂ ಇಬ್ಬರು ಗ್ರಾಹಕರ ಬಾಕಿ ಮೂಲದೊಂದಿಗೆ ತಾಳೆಯಾಗುತ್ತದೆಯೇ ನೋಡಿ. ಅರ್ಧ ಗಂಟೆಯ ಕೆಲಸ. ಅದನ್ನು ಗುಮಾಸ್ತರಿಗೆ ಬಿಡದೆ ಮಾಲೀಕರು ಎದುರಿಗೆ ಕುಳಿತು ಮಾಡಿಸಬೇಕು. ವರ್ಷಾಂತ್ಯದಲ್ಲಿ ಖಾತೆ ಬಾಕಿಗಳ ಪಟ್ಟಿಯೊಂದನ್ನು ಕಾಗದದ ಮೇಲೆ ಮುದ್ರಿಸಿ ಸಹಿ ಹಾಕಿ ಇಡುವುದೂ ಒಳಿತು. ಕಾಗದಕ್ಕೆ ಗೆದ್ದಲಿನ ಭಯವಿದೆಯಾದರೂ ವೈರಸ್ಸಿನ ಭಯವಿಲ್ಲ.

ಛೇಂಬರಿಗೆ ಒಂದು ವಿನಂತಿ

ಪ್ರತಿ ವರ್ಷ ಮೇ ತಿಂಗಳಲ್ಲಿ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಛೇಂಬರಿನ ವತಿಯಿಂದ ಒಂದು ದಿನದ ಬ್ಯಾಕಪ್ ಶಿಬಿರ ನಡೆಯಬೇಕೆಂದು ಪದಾಧಿಕಾರಿಗಳನ್ನು ಕೋರುತ್ತೇನೆ. ಸದಸ್ಯರು ತಮ್ಮ ಡ್ರೈವುಗಳನ್ನು ತರಲಿ, ತಪಾಸಣೆಯಾಗಲಿ, ರಿಸ್ಟೋರ್ ಮಾಡುವ ಕ್ರಮವನ್ನು ಗುಮಾಸ್ತರಿಗೂ ಮಾಲೀಕರಿಗೂ ಜೊತೆಯಾಗಿ ಕಲಿಸೋಣ. ನಮ್ಮ ಕಚೇರಿಯ ಸಹಾಯಕರನ್ನು ಈ ಕಾರ್ಯಕ್ಕೆ ಕಳುಹಿಸಿಕೊಡಲು ನಾನು ಸಿದ್ಧ. ಇತರ ಪರಿಶೋಧಕ ಮಿತ್ರರೂ ಕೈಜೋಡಿಸುವರೆಂಬ ಭರವಸೆಯಿದೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಉದ್ರಿ ಕೊಟ್ಟ ಅಂಗಡಿಯವರು ಸಾಲಗಾರರ ಜಗಲಿಯಲ್ಲಿ ನಿಂತು ಬಾಕಿ ಎಷ್ಟೆಂದು ಕೇಳುವ ಸ್ಥಿತಿ ನಮ್ಮ ಸದಸ್ಯರಲ್ಲಿ ಇನ್ನೊಬ್ಬರಿಗೆ ಬಾರದಿರಲಿ. ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ಮೊದಲ ಕೆಲಸವಾಗಿ ಗಲ್ಲಾಪೆಟ್ಟಿಗೆಯಲ್ಲಿರುವ ಆ ಡ್ರೈವನ್ನು ತೆಗೆದು, ಅದರಲ್ಲಿರುವುದರ ಇನ್ನೊಂದು ಪ್ರತಿ ಎಲ್ಲಿದೆ ಎಂದು ಗುಮಾಸ್ತರನ್ನು ಕೇಳಿ. ಉತ್ತರ ತಡವಾಗಿ ಬಂದರೆ ಇಂದೇ ಕೂತು ಆ ಪ್ರತಿಯನ್ನು ಮಾಡಿಸಿ.